ಮಣಿದಾರದ ಸೆಂಟು

ಕಾರ್ಲ್ಸ್‌ರುಹೆಯ ಕನ್ನಡಿಗರಲ್ಲಿ ದ್ವಾರಕಾನಾಥ ಉಪಾಧ್ಯರಿಗೆ ಎರಡು ವಿಷಯಗಳಲ್ಲಿ ಹೆಸರಿತ್ತು. ಒಂದು, 1837ನೇ ಇಸವಿಯ ಅಮೆರಿಕನ್ ತಾಮ್ರದ ಸೆಂಟನ್ನು ಕೈಗೆ ಕೊಟ್ಟರೆ ಅದು ಯಾವ ಅಚ್ಚಿನಿಂದ ಬಂದದ್ದೆಂದು ನಾಲ್ಕು ನಿಮಿಷದಲ್ಲಿ ಹೇಳುತ್ತಿದ್ದರು. ಎರಡು, ಕರ್ನಾಟಕದಿಂದ ಹೊಸದಾಗಿ ಬಂದ ಯಾರನ್ನೇ ಎದುರಿಗೆ ಕೂರಿಸಿದರೂ ಅವರು ಯಾವ ಕಡೆ, ಯಾವ ಜನ, ಯಾವ ಮಠಕ್ಕೆ ನಡೆದುಕೊಳ್ಳುವವರು ಎಂದು ಎರಡೂವರೆ ನಿಮಿಷದಲ್ಲಿ ಹೇಳುತ್ತಿದ್ದರು. ನಾಣ್ಯ ಮಾತಾಡುವುದಿಲ್ಲವಾದ್ದರಿಂದ ಅದಕ್ಕೆ ಒಂದೂವರೆ ನಿಮಿಷ ಹೆಚ್ಚು.

ಉಡುಪಿಯವರಾದ ಉಪಾಧ್ಯರಿಗೆ ಐವತ್ತಾರು ವರ್ಷ. ಗೇರ್‌ಬಾಕ್ಸ್ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷಕರು. ಹಗಲೆಲ್ಲ ಹಲ್ಲುಚಕ್ರಗಳಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ತಪ್ಪು ಹುಡುಕಿ, ಸಂಜೆ ಮನೆಗೆ ಬಂದು, ಅದೇ ಕೆಲಸವನ್ನು ನಾಣ್ಯಗಳ ಮೇಲೆ ಮಾಡುವುದು ಅವರ ವಿಶ್ರಾಂತಿ. ಈ ಸೀಮೆಯಲ್ಲಿ ಅಮೆರಿಕನ್ ಸೈನ್ಯ ದಶಕಗಳ ಕಾಲ ಬೀಡುಬಿಟ್ಟಿತ್ತು. ಸೈನಿಕರು ಹೋದರು. ಅವರು ಅದೃಷ್ಟಕ್ಕೆಂದು ಜೇಬಿನಲ್ಲಿಟ್ಟು ತಂದು, ಯಾರಿಗೋ ಕೊಟ್ಟುಹೋದ ಹಳೆಯ ನಾಣ್ಯಗಳು ಜರ್ಮನ್ ಅಜ್ಜಿಯರ ಗುಂಡಿ ಡಬ್ಬಗಳಲ್ಲಿ ಉಳಿದವು. ಅಜ್ಜಿಯರು ತೀರಿಕೊಂಡಾಗ ಆ ಡಬ್ಬಗಳು ಫ್ಲೋಮಾರ್ಕ್ಟಿಗೆ, ಅಂದರೆ ಶನಿವಾರದ ಹಳೆ ಸಾಮಾನಿನ ಸಂತೆಗೆ ಬರುತ್ತವೆ. ವ್ಯಾಪಾರಿಗಳು ಮೇಜು ಬಿಡಿಸುವ ಮೊದಲೇ ಉಪಾಧ್ಯರು ಅಲ್ಲಿ ನಿಂತಿರುತ್ತಿದ್ದರು.

1837ರ ಕಾಲದಲ್ಲಿ ನಾಣ್ಯದ ನಕ್ಷತ್ರ, ಅಂಕಿಗಳನ್ನು ಅಚ್ಚಿನ ಮೇಲೆ ಕೈಯಿಂದ ಹೊಡೆಯುತ್ತಿದ್ದರು. ಹಾಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಒಂದರಲ್ಲಿ ಏಳರ ಅಂಕಿ ಸ್ವಲ್ಪ ವಾಲಿದೆ, ಇನ್ನೊಂದರಲ್ಲಿ ನಕ್ಷತ್ರ ಹಣೆಗೆ ತಾಗುವಷ್ಟು ಹತ್ತಿರ. ನಾಣ್ಯದ ಮೇಲಿನ ಹೆಂಗಸಿನ ತುರುಬಿಗೆ ಒಂದು ದಾರ ಕಟ್ಟಿದೆ. ಅದು ಕೆಲವು ಅಚ್ಚುಗಳಲ್ಲಿ ಬರೀ ದಾರ, ಕೆಲವುಗಳಲ್ಲಿ ಮಣಿ ಪೋಣಿಸಿದ ದಾರ. ಇದನ್ನೆಲ್ಲ ನೋಡಿ ತಿಳಿದವರು ಬಗೆಗಳ ಪಟ್ಟಿ ಮಾಡಿ ಸಂಖ್ಯೆ ಕೊಟ್ಟಿದ್ದಾರೆ. 1837ರ ಬಗೆಗಳಲ್ಲಿ ಉಪಾಧ್ಯರ ಬಳಿ ಒಂದು ಬಿಟ್ಟು ಎಲ್ಲ ಇದ್ದವು. ಇಲ್ಲದಿದ್ದದ್ದು ಅವರ ಪಟ್ಟಿಯ ಹದಿಮೂರನೆಯದು: ಮಣಿದಾರ, ಜೊತೆಗೆ ಏಳನೆಯ ನಕ್ಷತ್ರದಿಂದ ಅಂಚಿನವರೆಗೆ ಅಚ್ಚು ಬಿರಿದ ಒಂದು ಕೂದಲೆಳೆ ಗೆರೆ. ಇಪ್ಪತ್ತೆರಡು ವರ್ಷಗಳಿಂದ ನಾಣ್ಯಗಳ ಪೆಟ್ಟಿಗೆಯಲ್ಲಿ ಅದರ ಗುಳಿ ಖಾಲಿ.

ಸ್ವರೂಪ್ ಎಂಬವನು ಈ ಊರಿಗೆ ಬಂದದ್ದು ಮಾರ್ಚಿನಲ್ಲಿ. ಮೂವತ್ತೆರಡು ವರ್ಷ, ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಗಳ ಮೇಲೆ ಸಂಶೋಧನೆ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಯಾರೋ ಅವನ ಕೈಗೆ ಮೈಕ್ ಕೊಟ್ಟು ಟೆಸ್ಟ್ ಮಾಡಿ ಎಂದರು. ಬೇರೆಯವರಾದರೆ ಒಂದು ಎರಡು ಮೂರು ಎನ್ನುತ್ತಿದ್ದರು. ಇವನು ಗಣಪತಿಯ ಮಂತ್ರವನ್ನು ಸ್ವರ ತಪ್ಪದೆ, ಉಸಿರು ಕಟ್ಟದೆ ಎರಡು ನಿಮಿಷ ಹೇಳಿ ಮೈಕ್ ಕೆಳಗಿಟ್ಟ. ಕೂಟದ ಅಧ್ಯಕ್ಷರಾದ ಉಪಾಧ್ಯರಿಗೆ ದೊಡ್ಡ ಭಾರ ಇಳಿದಂತಾಯಿತು. ಐದು ವರ್ಷದಿಂದ ಗಣೇಶನ ಪೂಜೆ ಮಾಡಿಸುತ್ತಿದ್ದ ಅಭಿನವ ಎಂಬ ವಿದ್ಯಾರ್ಥಿ ಓದು ಮುಗಿಸಿ ಊರಿಗೆ ಮರಳಿದ್ದ. ಉಪಾಧ್ಯರಿಗೆ ಹುಟ್ಟಿನ ಅರ್ಹತೆಯೇನೋ ಇತ್ತು, ಆದರೆ ಮಂತ್ರಗಳಲ್ಲಿ ಬರುತ್ತಿದ್ದದ್ದು ಮೊದಲ ಸಾಲು ಮಾತ್ರ, ಮತ್ತು ಬೆನ್ನುನೋವು.

ಮರುವಾರ ಕಮಿಟಿ ಸೇರಿತು. ಕಾರ್ಯದರ್ಶಿ ಫಾರೂಖ್ ದಾವಣಗೆರೆಯವನು, ಸಾಫ್ಟ್‌ವೇರ್ ಕೆಲಸ. ಹಾಲ್ ಬುಕಿಂಗ್, ವಿಮೆ, ಫಾರ್ಮುಗಳನ್ನು ತಪ್ಪಿಲ್ಲದೆ ತುಂಬುವವನು ಅವನೊಬ್ಬನೇ ಆದ್ದರಿಂದ ಆರು ವರ್ಷದಿಂದ ಅವನೇ ಕಾರ್ಯದರ್ಶಿ.

"ಸ್ವರೂಪ್‌ಗೆ ಹೇಳಿಬಿಡೋಣ ಸಾರ್," ಎಂದ ಫಾರೂಖ್. "ಸೆಪ್ಟೆಂಬರ್ ಡೇಟ್ ಫಿಕ್ಸ್ ಮಾಡ್ತೀನಿ."

"ಹೇಳುವ, ಹೇಳುವ," ಎಂದರು ಉಪಾಧ್ಯರು. "ಸ್ವಲ್ಪ ಅವರ ಬಗ್ಗೆ ತಿಳ್ಕೊಂಡು ಹೇಳುವ. ನಂಗೆ ಏನಿಲ್ಲ ಮಾರಾಯ. ಆದ್ರೆ ನಾಳೆ ಯಾರಾದ್ರೂ ಕೇಳಿದ್ರೆ ಎಂತ ಹೇಳೂದು?"

ಯಾರು ಕೇಳುತ್ತಾರೆ ಎಂದು ಯಾರೂ ಕೇಳಲಿಲ್ಲ. ಯಾರಿಗೂ ತಮ್ಮ ಆಕ್ಷೇಪವೇನೂ ಇರಲಿಲ್ಲ, ಎಲ್ಲರಿಗೂ ಬೇರೆಯವರದ್ದೇ ಚಿಂತೆ. ತಿಳಿದುಕೊಳ್ಳುವ ಕೆಲಸವನ್ನು ಉಪಾಧ್ಯರಿಗೇ ವಹಿಸಲಾಯಿತು.

ಜರ್ಮನಿಯಲ್ಲಿ ಪ್ರತಿ ಮನೆಯ ಕರೆಗಂಟೆಯ ಪಕ್ಕ ಅಡ್ಡಹೆಸರು ಬರೆದಿರುತ್ತದೆ. ಉಪಾಧ್ಯರು ಒಂದು ಭಾನುವಾರ ವಾಯುವಿಹಾರದ ನೆಪದಲ್ಲಿ ಸ್ವರೂಪನ ಬೀದಿಗೆ ಹೋಗಿ ಬಾಗಿಲ ಮುಂದೆ ಬಗ್ಗಿ ನೋಡಿದರು. "ಸ್ವರೂಪ್" ಎಂದಿತ್ತು. ಅವನ ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಒಂದು ಹೆಸರು. ಎರಡು ಹೆಸರಿಲ್ಲದೆ ಮನುಷ್ಯನಿರಲು ಸಾಧ್ಯವಿಲ್ಲವೆಂದು ನಂಬಿದ್ದ ಇಲ್ಲಿನ ಕಚೇರಿಯವರು ಅದನ್ನೇ ಎರಡು ಸಲ ಬರೆದು ಅವನನ್ನು ಸ್ವರೂಪ್ ಸ್ವರೂಪ್ ಮಾಡಿದ್ದರು.

ಸರಿ, ಊಟಕ್ಕೆ ಕರೆದರು. ನೇರವಾಗಿ ಕೇಳುವುದು ಉಪಾಧ್ಯರ ಪ್ರಕಾರ ಅನಾಗರಿಕತೆ. ಮೊದಲು ಊರು, ಆಮೇಲೆ ಊರಿನಲ್ಲಿ ಯಾವ ಬೀದಿ, ಹಬ್ಬಕ್ಕೆ ಏನು ಸಿಹಿ, ಅಜ್ಜನನ್ನು ಏನೆಂದು ಕರೆಯುತ್ತಾರೆ, ಹೀಗೆ ಸುತ್ತಿನಿಂದ ಸುತ್ತಿಗೆ ಒಳಗೆ ಬರಬೇಕು.

"ಊರು ಎಲ್ಲಿ ಆಯ್ತು ನಿಮ್ಮದು?" ಎಂದರು ಸಾರು ಬಡಿಸಿದ ಕೂಡಲೇ.

"ತುಂಬಾ ಊರು ಸಾರ್. ಅಪ್ಪ ಬಸ್ ಡಿಪೋದಲ್ಲಿದ್ರು, ಮೂರು ವರ್ಷಕ್ಕೊಂದು ಟ್ರಾನ್ಸ್‌ಫರ್. ಚಾಮರಾಜನಗರ, ಹೊಸಪೇಟೆ, ಕಾರವಾರ, ಬೀದರ್..."

"ಹೌದಾ. ಆದ್ರೆ ಮೂಲ?"

"ಅಪ್ಪಂದಾ, ಅಮ್ಮಂದಾ?"

"ಎರಡೂ ಹೇಳಿ, ತೊಂದ್ರೆ ಇಲ್ಲ."

"ಎರಡೂ ಡ್ಯಾಮಲ್ಲಿ ಮುಳುಗಿದೆ ಸಾರ್."

ಉಪಾಧ್ಯರ ಹೆಂಡತಿ ವಾರಿಜ ಪಾಪ ಎಂದು ಇನ್ನೊಂದು ಸೌಟು ಹಾಕಿದರು. "ನಾವು ಬೆಳ್ಳುಳ್ಳಿ ಹಾಕೂದಿಲ್ಲ. ನಿಮಗೆ ಅಭ್ಯಾಸ ಉಂಟಾ?" ಎಂದು ಉಪಾಧ್ಯರು ಮತ್ತೊಂದು ದಿಕ್ಕಿನಿಂದ ಬಂದರು.

"ಹಾಕಿದ್ರೂ ತಿಂತೀನಿ, ಹಾಕ್ದಿದ್ರೂ ತಿಂತೀನಿ."

ಅವನ ಕನ್ನಡವೂ ಸಹಾಯ ಮಾಡಲಿಲ್ಲ. ಮೈಸೂರಿನ ಕಡೆಯಂತೆ ಶುರುವಾದ ವಾಕ್ಯ ಹೈದರಾಬಾದ್ ಕರ್ನಾಟಕದ ಕಡೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಫೋನ್ ನೋಡುತ್ತಿದ್ದ ಹದಿನಾರರ ಮಗಳು ಪವಿ ತಲೆಯೆತ್ತದೆ ಜರ್ಮನ್‌ನಲ್ಲಿ, ಇದು ಊಟವಲ್ಲ ಪೊಲೀಸ್ ವಿಚಾರಣೆ ಎಂದಳು. ಉಪಾಧ್ಯರು ಅದಕ್ಕೆ ಕಿವಿಗೊಡದೆ ಅತಿಥಿಗೆ ನಾಣ್ಯಗಳ ಪೆಟ್ಟಿಗೆ ತೋರಿಸಲು ಎದ್ದರು.

ಸ್ವರೂಪ್ ಒಂದೊಂದನ್ನೂ ಆಸಕ್ತಿಯಿಂದ ನೋಡಿದ. ಖಾಲಿ ಗುಳಿಯ ಕಥೆ ಕೇಳಿದ. ಆಮೇಲೆ ಪರ್ಸಿನ ಚಿಲ್ಲರೆ ಖಾನೆ ತಡವಿ, "ನನ್ನ ಹತ್ರಾನೂ ಒಂದಿದೆ ಸಾರ್. ಹೈಡೆಲ್‌ಬರ್ಗ್ ಸಂತೆಯಲ್ಲಿ ಮೂರು ಯೂರೋಗೆ ಸಿಕ್ತು. ಚೆನ್ನಾಗಿ ದಪ್ಪ ಇದೆ ಅಂತ ತಗೊಂಡೆ," ಎಂದು ಒಂದು ತಾಮ್ರದ ಬಿಲ್ಲೆಯನ್ನು ಮೇಜಿನ ಮೇಲಿಟ್ಟ.

1837. ಉಳಿದದ್ದೆಲ್ಲ ಹಸಿರು ಕಿಲುಬು. ನಕ್ಷತ್ರಗಳ ಜಾಗದಲ್ಲಿ ಒಂದು ದಪ್ಪ ಪದರ, ತುರುಬಿನ ಜಾಗದಲ್ಲಿ ಇನ್ನೊಂದು. ಉಪಾಧ್ಯರು ಸೂಕ್ಷ್ಮದರ್ಶಕದ ಕೆಳಗಿಟ್ಟು ಇಪ್ಪತ್ತು ನಿಮಿಷ ನೋಡಿದರು. ಏಳು ವಾಲಿದ ರೀತಿಯಿಂದ ಎರಡು ಬಗೆಗಳು ಸಾಧ್ಯ: ಒಂದು ತೀರ ಸಾಮಾನ್ಯ, ಇನ್ನೊಂದು ಹದಿಮೂರನೆಯದು. ತೀರ್ಮಾನವಾಗಬೇಕಾದರೆ ದಾರ ಕಾಣಬೇಕು. ದಾರ ಕಾಣುತ್ತಿರಲಿಲ್ಲ.

"ಒರೆಸ್ಲಾ ಸಾರ್?" ಎಂದು ಸ್ವರೂಪ್ ಅಂಗಿಯ ತುದಿ ಹಿಡಿದ.

ಉಪಾಧ್ಯರು ಅವನ ಮಣಿಕಟ್ಟನ್ನು ಹಿಡಿದುಕೊಂಡರು. ತೊಳೆದ ನಾಣ್ಯಕ್ಕೆ ಸಂಗ್ರಾಹಕರ ಲೋಕದಲ್ಲಿ ಬೆಲೆಯಿಲ್ಲ, ಮರ್ಯಾದೆಯೂ ಇಲ್ಲ ಎಂದು ವಿವರಿಸಿದರು. ಆಲಿವ್ ಎಣ್ಣೆಯಲ್ಲಿ ನಾಲ್ಕು ತಿಂಗಳು ನೆನೆಸಿಟ್ಟರೆ ಕಿಲುಬು ತಾನಾಗಿ ಬಿಡುತ್ತದೆ, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು. ಸ್ವರೂಪ್ ಒಪ್ಪಿದ. ತನ್ನ ಅಡುಗೆಮನೆಯಲ್ಲೇ ನೆನೆಸುತ್ತೇನೆ, ಸೆಪ್ಟೆಂಬರಿನಲ್ಲಿ ನೋಡೋಣ ಎಂದು ನಾಣ್ಯವನ್ನು ಮತ್ತೆ ಪರ್ಸಿಗೆ ಹಾಕಿಕೊಂಡು ಹೋದ.

ಅಂದಿನಿಂದ ಉಪಾಧ್ಯರಿಗೆ ನೆಮ್ಮದಿಯಿಲ್ಲ. ಒಂದೇ ಮನೆಯಲ್ಲಿ ಗುರುತು ಸಿಗದ ಎರಡು ವಸ್ತುಗಳು. ಫಾರೂಖನ ಮನೆಯಲ್ಲಿ ಸ್ವರೂಪ್ ಈದ್ ಊಟಕ್ಕೆ ಹೋಗಿದ್ದನೆಂದು ತಿಳಿದು ಫೋನ್ ಮಾಡಿದರು.

"ಬಂದಿದ್ರು ಸಾರ್, ಚೆನ್ನಾಗಿ ತಿಂದ್ರು," ಎಂದ ಫಾರೂಖ್.

"ಎಂತ ತಿಂದ್ರು?"

"ನಾನು ಬಡಿಸ್ತಿದ್ದೆ ಸಾರ್, ಲೆಕ್ಕ ಬರೀತಿರ್ಲಿಲ್ಲ."

ಜೂನಿನಲ್ಲಿ ಉಪಾಧ್ಯರು ಕೂಟದ ಇತಿಹಾಸದಲ್ಲೇ ಮೊದಲ ಬಾರಿಗೆ ಈಜು ದಿನ ಏರ್ಪಡಿಸಿದರು. ಊರಾಚೆ ಜಲ್ಲಿ ತೆಗೆದ ಹೊಂಡಗಳಲ್ಲಿ ನೀರು ತುಂಬಿ ಆದ ಕೆರೆ, ಸುತ್ತ ಹುಲ್ಲು, ಪಕ್ಕದಲ್ಲಿ ಐಸ್‌ಕ್ರೀಮ್ ಗಾಡಿ. ತುರುಬಿನ ದಾರಕ್ಕೆ ಸೆಪ್ಟೆಂಬರಿನವರೆಗೆ ಕಾಯಬೇಕಾದರೂ ಹೆಗಲ ದಾರಕ್ಕೆ ಕಾಯಬೇಕಾಗಿಲ್ಲ ಎಂಬುದು ಅವರ ಲೆಕ್ಕ. ಹದಿನೆಂಟು ಜನ ಬಂದರು. ಸ್ವರೂಪ್ ಎಲ್ಲರಿಗಿಂತ ಮೊದಲೇ ಬಂದು, ಬಿಸಿಲಿಗೆ ಚರ್ಮ ಕೆರೆಯುತ್ತದೆಂದು ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಮುಚ್ಚುವ ಈಜಂಗಿ ತೊಟ್ಟು ನೀರಿಗಿಳಿದ. ಎರಡು ಗಂಟೆ ಮೀನಿನಂತೆ ಈಜಿದ.

ಉಪಾಧ್ಯರು ಬಿಸಿಲಿನಲ್ಲಿ ದಡದ ಮೇಲೆ ಕೂತು ಕೆಂಪಾದರು. ಫಾರೂಖ್ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಬಂದು ಕೂತ.

"ಸಾರ್, ಕೇಳಿಬಿಡಿ ಸಾರ್. ಒಂದು ಮಾತು."

"ಛೆ ಛೆ. ಹಾಗೆಲ್ಲ ಕೇಳ್ಲಿಕ್ಕೆ ಆಗ್ತದಾ? ಎಂತ ತಿಳ್ಕೊಳ್ತಾರೆ ಅವರು ನಮ್ಮನ್ನು."

ಆಗಸ್ಟಿನಲ್ಲಿ ಸ್ವರೂಪನ ತಾಯಿ ಮೂರು ತಿಂಗಳ ವೀಸಾದಲ್ಲಿ ಬಂದರು. ಹೆಸರು ಬಸಲಿಂಗವ್ವ. ಹೆಸರು ಕೇಳಿದ ಉಪಾಧ್ಯರಿಗೆ ಅರ್ಧ ದಾರಿ ಬಂದಂತೆನಿಸಿತು. ಆದರೆ ಆ ಹೆಸರು ಉತ್ತರದ ಕಡೆ ಅನೇಕ ಜನಗಳಲ್ಲಿ ಇಡುತ್ತಾರೆಂದು ಅಂದು ಸಂಜೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ತಿಳಿದು ಮತ್ತೆ ಹಿಂದಕ್ಕೆ ಬಂದರು. ಉಳಿದದ್ದನ್ನು ತಾಯಿಯಿಂದಲೇ ಹೊರಗೆಳೆಯಬಹುದೆಂದು ಗಂಡ ಹೆಂಡತಿ ಉಪ್ಪಿನಕಾಯಿ ಬಾಟಲಿ ಹಿಡಿದು ಹೋದರು.

ಬಸಲಿಂಗವ್ವ ದಪ್ಪನೆಯ ಗಾಜಿನ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಚಹಾ ಕೊಟ್ಟು ಎದುರಿಗೆ ಕೂತರು. ಉಪಾಧ್ಯರು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ಉಡುಪ್ಯಾಗ ಎಲ್ಲಿ ಆತ್ರಿ ನಿಮ್ದು? ಗುಡಿ ಸನೇಕೋ, ದೂರೋ?"

"ಹತ್ತಿರವೇ. ಹಿಂದಿನ ಬೀದಿ."

"ಸ್ವಂತ ಮನಿನೋ, ಮಠದ್ದೋ?"

"ಮಠದ್ದು. ಅಜ್ಜ ಅಲ್ಲಿ ಅಡುಗೆ ಕೆಲಸದಲ್ಲಿದ್ರು," ಎಂದುಬಿಟ್ಟರು ಉಪಾಧ್ಯರು. ಮೂವತ್ತು ವರ್ಷದಲ್ಲಿ ಜರ್ಮನಿಯಲ್ಲಿ ಯಾರಿಗೂ ಹೇಳದ ಸಂಗತಿ ಅದು. ಅಜ್ಜ ದೊಡ್ಡ ವಿದ್ವಾಂಸರಾಗಿದ್ದರು ಎಂಬುದು ಅವರು ಇಲ್ಲಿ ಹೇಳಿಕೊಂಡು ಬಂದ ಪಾಠ.

"ಚಲೋ ಆತು. ಅಡಿಗಿ ಮಾಡೋರು ಪುಣ್ಯವಂತರು. ಮತ್ತ ಇವರ ತವರು? ಮದ್ವಿಗೆ ನಿಮ್ಮ ಮನ್ಯಾಗ ಒಪ್ಪಿದ್ರೇನು, ಇಲ್ಲ ಸ್ವಲ್ಪ ಹೆಚ್ಚು ಕಡಿಮಿ ಆಗಿತ್ತೋ?"

ವಾರಿಜ ಬೆಚ್ಚಿ ಗಂಡನ ಮುಖ ನೋಡಿದರು. ಸ್ವಲ್ಪ ಹೆಚ್ಚು ಕಡಿಮೆ ಆಗಿತ್ತು. ಅರ್ಧ ಗಂಟೆಯಲ್ಲಿ ಬಸಲಿಂಗವ್ವನಿಗೆ ಉಪಾಧ್ಯರ ಮೂರು ತಲೆಮಾರು, ಆಸ್ತಿ ವ್ಯಾಜ್ಯ, ತಮ್ಮನ ಕುಡಿತ, ಪವಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು, ಎಲ್ಲ ಗೊತ್ತಾಯಿತು. ಇವರಿಗೆ ತಿಳಿದದ್ದು ಚಹಾಕ್ಕೆ ಅವರು ಶುಂಠಿ ಹಾಕುತ್ತಾರೆ ಎಂದಷ್ಟೆ.

ಹಬ್ಬಕ್ಕೆ ಹತ್ತು ದಿನ ಉಳಿದಾಗ ಕಮಿಟಿ ಮತ್ತೆ ಸೇರಿತು. ಗುರುತು ಖಚಿತವಾಗಿಲ್ಲ ಎಂದು ಉಪಾಧ್ಯರು ವರದಿ ಕೊಟ್ಟರು. ಖಚಿತವಾಗದ್ದನ್ನು ಪ್ರದರ್ಶನಕ್ಕಿಡುವ ಅಭ್ಯಾಸ ಅವರಿಗಿರಲಿಲ್ಲ. ಬಹಳ ಚರ್ಚೆಯಾಗಿ, ಯಾರಿಗೂ ನೋವಾಗದ ದಾರಿಯೆಂದು ಒಂದನ್ನು ಒಪ್ಪಿಕೊಂಡರು: ಫೋನಿನಲ್ಲಿ ಪೂಜೆಯ ಆ್ಯಪ್ ಇದೆ, ಅದು ಮಂತ್ರವನ್ನೂ ಹೇಳುತ್ತದೆ, ಮುಂದೇನು ಮಾಡಬೇಕೆಂದೂ ಹೇಳುತ್ತದೆ. ಬ್ಲೂಟೂತ್ ಸ್ಪೀಕರ್ ಫಾರೂಖನದು. ಹಾಗಾಗಿ ಫೋನೂ ಅವನದೇ ಆಗಬೇಕಾಯಿತು.

ಹಬ್ಬದ ದಿನ ತೋಟಗಾರರ ಸಂಘವೊಂದರ ಹಾಲ್‌ನಲ್ಲಿ ಅರವತ್ತು ಜನ ಸೇರಿದರು. ಬೆಂಕಿ ಹಚ್ಚಬಾರದೆಂಬ ನಿಯಮವಿದ್ದುದರಿಂದ ದೀಪಗಳು ಬ್ಯಾಟರಿಯವು. ಉಪಾಧ್ಯರು ಬೆನ್ನಿಗೆ ದಿಂಬಿಟ್ಟುಕೊಂಡು ಗಣಪನ ಮುಂದೆ ಕುರ್ಚಿಯಲ್ಲಿ ಕೂತರು. ಫಾರೂಖ್ ಗೋಡೆಯ ಬಳಿ ನಿಂತು ಬಟನ್ ಒತ್ತಿದ. ಯಾವುದೋ ಸ್ಟುಡಿಯೋದ ಗಂಭೀರ ದನಿ, ನೀರನ್ನು ಬಲಗೈಗೆ ಹಾಕಿಕೊಳ್ಳಿ ಎಂದಿತು. ಉಪಾಧ್ಯರು ಹಾಕಿಕೊಂಡರು. ನಿಮ್ಮ ಗೋತ್ರ ಮತ್ತು ಹೆಸರನ್ನು ಹೇಳಿಕೊಳ್ಳಿ ಎಂದು ಐದು ಸೆಕೆಂಡು ಸಮಯ ಕೊಟ್ಟಿತು. ಅಷ್ಟರಲ್ಲಿ ಮುಗಿಯಲಿಲ್ಲ.

"ಸ್ವಲ್ಪ ನಿಲ್ಲಿಸ್ಲಾ ಸಾರ್?" ಎಂದ ಫಾರೂಖ್.

ಮಧ್ಯೆ ಒಂದು ಸಲ ಜರ್ಮನ್ ಭಾಷೆಯಲ್ಲಿ ಹಾಸಿಗೆಯ ಜಾಹೀರಾತು ಬಂತು. ಎಲ್ಲರೂ ಕೈಮುಗಿದುಕೊಂಡೇ ಅದನ್ನು ಪೂರ್ತಿ ಕೇಳಿದರು. ಸ್ವರೂಪ್ ಹಿಂದಿನ ಸಾಲಿನಲ್ಲಿ ನಿಂತು, ಫೋನು ನುಂಗಿದ ಅಕ್ಷರಗಳನ್ನು ತುಟಿಯಲ್ಲೇ ಸರಿಪಡಿಸುತ್ತಿದ್ದ.

ಮಂಗಳಾರತಿ ಮುಗಿಯಿತು. ಜನ ಪ್ರಸಾದದ ಕಡೆ ತಿರುಗುವಾಗ ಬಸಲಿಂಗವ್ವ ಒಂದು ತಟ್ಟೆ ಹಿಡಿದು ನೇರವಾಗಿ ಸ್ಪೀಕರಿನ ಮೇಜಿನ ಹತ್ತಿರ ಬಂದರು. ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ, ಅದರ ಮೇಲೆ ಥಳಥಳ ಹೊಳೆಯುವ ಒಂದು ತಾಮ್ರದ ನಾಣ್ಯ. ತಟ್ಟೆಯನ್ನು ಫೋನಿನ ಮುಂದಿಟ್ಟು ನಮಸ್ಕಾರ ಮಾಡಿದರು.

"ಅಮ್ಮಾ, ಅದು ಫೋನು," ಎಂದ ಫಾರೂಖ್.

"ಇರ್ಲಿ ತಮ್ಮಾ. ಮಂತ್ರ ಹೇಳಿದವ್ರಿಗೆ ದಕ್ಷಿಣಿ ಕೊಡ್ಲಿಲ್ಲಂದ್ರ ಪೂಜಿ ಮುಟ್ಟೂದಿಲ್ಲ. ಫೋನು ಯಾರ್ದು?"

"ನಂದೇ."

"ಹಂಗಾರ ನಿಂದ ಅದು. ತಗೋ. ಎಣ್ಯಾಗ ಬಿದ್ದು ಕಪ್ಪಾಗಿತ್ತು ಪಾಪ, ಹುಣಸಿಹಣ್ಣು ಉಪ್ಪು ಹಾಕಿ ಬೆಳಗೀನಿ."

ಉಪಾಧ್ಯರು ಕುರ್ಚಿಯಿಂದ ಎದ್ದದ್ದು ಅವರ ಬೆನ್ನಿಗೆ ಗೊತ್ತಾಗಲಿಲ್ಲ. ಮೇಜಿನ ಬಳಿ ಬಂದು ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ಬೇಕಾಗಲಿಲ್ಲ. ತುರುಬಿನ ದಾರದ ಮೇಲೆ ಸಾಸಿವೆಗಿಂತ ಸಣ್ಣ ಮಣಿಗಳ ಸಾಲು. ಏಳನೆಯ ನಕ್ಷತ್ರದಿಂದ ಅಂಚಿಗೆ ಹೊರಟ ಕೂದಲೆಳೆ. ಹದಿಮೂರನೆಯ ಬಗೆ, ಸಂದೇಹವೇ ಇಲ್ಲ. ಜೊತೆಗೆ ಸುಮಾರು ಇನ್ನೂರು ವರ್ಷದ ಕಂದುಬಣ್ಣವೆಲ್ಲ ಹೋಗಿ ಪಾತ್ರೆ ಅಂಗಡಿಯ ಹೊಸ ಚೊಂಬಿನಂತಾಗಿತ್ತು.

"ಸಾರ್, ನೀವೇ ಇಟ್ಕೊಳ್ಳಿ," ಎಂದ ಫಾರೂಖ್ ಮೆಲ್ಲಗೆ. ಅವನಿಗೆ ಖಾಲಿ ಗುಳಿಯ ಕಥೆ ಗೊತ್ತಿತ್ತು. "ನಂಗೇನು ಗೊತ್ತಾಗತ್ತೆ ಇದು."

ಉಪಾಧ್ಯರ ಕೈ ಸ್ವಲ್ಪ ಮುಚ್ಚಿತು. ಸುತ್ತ ಅರವತ್ತು ಜನ. ಉಪಾಧ್ಯರು ಫಾರೂಖನಿಂದ ದಕ್ಷಿಣೆ ಕೇಳಿ ಪಡೆದರಂತೆ ಎಂಬ ಸುದ್ದಿ ಹೈಡೆಲ್‌ಬರ್ಗ್ ಮುಟ್ಟಲು ಒಂದು ಟ್ರೈನಿನಷ್ಟೂ ಹೊತ್ತು ಬೇಡ. "ಇಲ್ಲ, ನಿಂಗೆ ಕೊಟ್ಟದ್ದು," ಎಂದು ತಟ್ಟೆಯಲ್ಲಿಟ್ಟರು.

ಬಸಲಿಂಗವ್ವ ಹೋಗಲಿಲ್ಲ. "ಒಂದ್ ಮಾತ್ರಿ ಉಪಾಧ್ಯರ. ನನ್ನ ಮಗಗ ಮಂತ್ರ ಬರ್ತಾವ. ಬೀದರ್‌ದಾಗ ಸಾಲಿ ಮಾಸ್ತರ ಹತ್ರ ಕಲ್ತಾನ. ಅವನ ಯಾಕ ಕರೀಲಿಲ್ಲ?"

ದನಿ ದೊಡ್ಡದು, ಹಾಲ್ ಸಣ್ಣದು. ಪ್ರಸಾದದ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫಾರೂಖ್ ಸ್ಪೀಕರಿನ ವೈರನ್ನು ಸುತ್ತಿದ್ದನ್ನೇ ಮತ್ತೆ ಸುತ್ತತೊಡಗಿದ.

"ಅದು... ನಮಗೆ ಸರಿಯಾಗಿ ಗೊತ್ತಾಗ್ಲಿಲ್ಲ ಅಮ್ಮ."

"ಏನು ಗೊತ್ತಾಗ್ಲಿಲ್ಲ?"

ಕೋಸಂಬರಿಯ ಪ್ಲೇಟ್ ಹಿಡಿದು ಬಂದ ಸ್ವರೂಪ್ ತಾಯಿಯ ಪಕ್ಕ ನಿಂತ.

"ನಾವು ಯಾವ ಮಂದಿ ಅಂತ ಗೊತ್ತಾಗ್ಲಿಲ್ಲ ಅವ್ರಿಗೆ. ಅದಕ್ಕ, ಅವ್ವ."

"ಇಷ್ಟ ಏನು? ಕೇಳಿದ್ರ ಹೇಳ್ತಿದ್ನಲ್ಲ. ನಾವು..."

"ಬ್ಯಾಡವ್ವ," ಎಂದ ಸ್ವರೂಪ್, ನಗದೆ, ಸಿಟ್ಟೂ ಇಲ್ಲದೆ. "ಸಾರ್ ಐದು ತಿಂಗಳಿಂದ ಕಷ್ಟಪಟ್ಟು ಹುಡುಕ್ಯಾರ. ಈಗ ನೀ ಸುಮ್ನ ಹೇಳಿಬಿಟ್ರ ಅವ್ರ ದುಡಿಮಿಗೆ ಬೆಲಿ ಇಲ್ದಂಗ ಆಗ್ತೈತಿ."

ತಾಯಿಯನ್ನು ಊಟದ ಕಡೆ ಕರೆದುಕೊಂಡು ಹೋದ. ಉಪಾಧ್ಯರು ಊಟ ಮಾಡಲಿಲ್ಲ. ಬೆನ್ನುನೋವೆಂದು ಬೇಗ ಹೊರಟರು. ಅವರ ಕಿವಿಗಳು ಕೆರೆಯ ದಡದಲ್ಲಿ ಕೂತ ದಿನಕ್ಕಿಂತ ಕೆಂಪಾಗಿದ್ದವು.

ಮೂರು ವಾರ ಅವರು ನಾಣ್ಯದ ಪೆಟ್ಟಿಗೆ ತೆರೆಯಲಿಲ್ಲ. ನಾಲ್ಕನೆಯ ವಾರ ಯಾರಿಗೂ ಹೇಳದೆ ಸ್ವರೂಪನ ಮನೆಗೆ ಹೋದರು. ತಾಯಿ ಮಲಗಿದ್ದರು. ಸ್ವರೂಪ್ ಶುಂಠಿ ಚಹಾ ಮಾಡಿಕೊಟ್ಟ. ಏನು ಹೇಳಬೇಕೆಂದು ಟ್ರಾಮಿನಲ್ಲಿ ಮೂರು ಸಲ ಸಿದ್ಧಮಾಡಿಕೊಂಡಿದ್ದು ನೆನಪಾಗಲಿಲ್ಲ.

"ಆ ಈಜು ದಿನಕ್ಕೆ," ಎಂದರು ಕೊನೆಗೆ, "ಸಾರಿ."

"ಈಜು ಚೆನ್ನಾಗಿತ್ತು ಸಾರ್," ಎಂದ ಸ್ವರೂಪ್. "ನೀವೂ ನೀರಿಗೆ ಇಳೀಬೇಕಿತ್ತು."

ತಾಯಿ ಊರಿಗೆ ಹೋದ ಮೇಲೆ ಅವನಿಗೆ ಹ್ಯಾನೋವರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಡುವಾಗ ಪವಿಗೆ ಒಂದು ಕನ್ನಡ ಅಕ್ಷರಮಾಲೆ ಪುಸ್ತಕ ಕೊಟ್ಟುಹೋದ. ಅಮ್ಮ ಕಳಿಸಿದ್ದು ಎಂದ. ಹದಿಮೂರನೆಯ ಸೆಂಟು ಫಾರೂಖನ ಅಡುಗೆಮನೆಯಲ್ಲಿ ಕೀಲಿಕೈಗಳ ಬಟ್ಟಲಿನಲ್ಲಿತ್ತು. ಕಮಿಟಿ ಸಭೆ ಅಲ್ಲಿ ನಡೆದಾಗಲೆಲ್ಲ ಉಪಾಧ್ಯರು ನೀರು ಕುಡಿಯಲು ಎರಡು ಸಲ ಎದ್ದು ಹೋಗುತ್ತಿದ್ದರು. ಮುಂದಿನ ವರ್ಷದ ಪೂಜೆಗೆ ಕಮಿಟಿ ಒಂದು ಸುಧಾರಣೆ ಒಪ್ಪಿತು: ಜಾಹೀರಾತಿಲ್ಲದ ಆ್ಯಪ್, ತಿಂಗಳಿಗೆ ನಾಲ್ಕು ಯೂರೋ.

ಫೆಬ್ರವರಿಯ ಒಂದು ಸಂಜೆ ಹ್ಯಾನೋವರ್ ಕನ್ನಡ ಕೂಟದ ಕಾರ್ಯದರ್ಶಿಯ ಫೋನ್ ಬಂತು. ಕ್ಷೇಮ ಸಮಾಚಾರ ಮುಗಿದ ಮೇಲೆ ಅವರು ಕೇಳಿದರು. "ಸ್ವರೂಪ್ ಅಂತ ಒಬ್ರು ನಿಮ್ಮಲ್ಲಿಂದ ಬಂದಿದಾರಲ್ಲ ಸಾರ್. ತುಂಬಾ ಒಳ್ಳೆಯವರು. ಯಾವ ಕಡೆಯವರು?"

"ಕಾರ್ಲ್ಸ್‌ರುಹೆ ಕಡೆಯವರು," ಎಂದರು ಉಪಾಧ್ಯರು.

"ಅದು ಗೊತ್ತು ಸಾರ್. ನಾನು ಕೇಳಿದ್ದು, ಜಾತಿ..."

"ಟ್ರಾಮ್ ಬಂತು, ಆಮೇಲೆ ಮಾತಾಡುವ," ಎಂದು ಉಪಾಧ್ಯರು ಸೋಫಾದಲ್ಲಿ ಕೂತಲ್ಲೇ ಫೋನ್ ಇಟ್ಟರು. ಎದೆಯೊಳಗೆ ಏನೋ ಒಳ್ಳೆಯ ಕೆಲಸ ಮಾಡಿದ ಹಾಗೆ ಹಗುರಾಯಿತು. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಯೋಚನೆ ಬಂದು ಹುಬ್ಬು ಗಂಟಾಯಿತು.

"ಈ ಹ್ಯಾನೋವರಿನವರಿಗೆ ಕ್ರಮವೇ ಗೊತ್ತಿಲ್ಲ ಮಾರಾಯ್ತಿ," ಎಂದರು ಹೆಂಡತಿಗೆ. "ಬಾಯಿಬಿಟ್ಟು ಜಾತಿ ಅಂತ ಕೇಳ್ತಾರೆ. ಊರಿಲ್ಲ, ಬೀದಿಯಿಲ್ಲ, ಎಂತದೂ ಇಲ್ಲ."

ವಾರಿಜ ಬಟ್ಟೆ ಮಡಚುತ್ತಿದ್ದರು. "ಅವ್ರಿಗೆ ಎರಡು ನಿಮಿಷದಲ್ಲಿ ಮುಗೀತು," ಎಂದರು. "ನಮಗೆ ಇಡೀ ಬೇಸಿಗೆ ಹೋಯ್ತು."